ಬೆಳಕು ನುಸುಳಬಾರದು

ಶುಕ್ರವಾರ ಮೂರು ಗಂಟೆ ದಾಟಿದ ಮೇಲೆ
ಮೆಶಾಕನೂ ಅವನ ಅಳಿಯನೂ ನಲವತ್ತು ಕುದುರೆಗಳನ್ನು
ಹಂದಿಯ ಹಾಗೆ ಕೋಲಿಗೆ ಕಟ್ಟಿ ಹೊತ್ತು ತಂದರು.
"ಎಳೆದೂ ಎಳೆದೂ ರಟ್ಟೆ ಬಿದ್ದುಹೋಯ್ತು ನೇಲಾ.
ಹತ್ತಿಕೊಳ್ಳತ್ತೆ, ಕೆಮ್ಮತ್ತೆ, ಪೆಟ್ರೋಲು ವಾಪಸು ಉಗುಳತ್ತೆ."

ಕಾರ್ಬ್ಯುರೇಟರಿನ ಗಂಟಲಿಗೆ ಬೆರಳಿಟ್ಟೆ. ಒದ್ದೆ.
ಕಿಡಿ ಸರಿಯಿದೆ, ಪ್ಲಗ್ಗು ಸರಿಯಿದೆ.
ಒಳಗೆ ಹೋದದ್ದು ಬಂದ ದಾರಿಯಲ್ಲೇ ಮರಳುತ್ತಿದೆ ಅಂದರೆ
ಬಾಗಿಲು ಕಾಯುವವರು ಕೈಬಿಟ್ಟಿದ್ದಾರೆ.

ನಮ್ಮ ಮರೋವೋ ಲಗೂನಿನಲ್ಲಿ ಶನಿವಾರ ದೇವರದು.
ಸೂರ್ಯ ವಾಂಗುನು ಬೆಟ್ಟದ ಹಿಂದೆ ಇಳಿದನೋ
ಸ್ಪ್ಯಾನರು ಮುಟ್ಟುವಂತಿಲ್ಲ.

ಬೇಗ ಬೇಗ ಬಿಚ್ಚಿದೆ.
ಸೋಗೆಮನೆಯ ಮಾಡಿನಂತೆ ಎರಡೂ ಕಡೆ ಇಳಿಜಾರಾದ ಅಲ್ಯೂಮಿನಿಯಂ ತುಂಡು,
ಅದರ ಮೇಲೆ ಉಕ್ಕಿನ ಎಸಳುಗಳು, ಉಗುರಿಗಿಂತ ತೆಳು.
ಪಿಸ್ಟನ್ನು ಏರಿದಾಗ ಅವು ಏಳುತ್ತವೆ, ಗಾಳಿಯನ್ನು ಒಳಗೆ ಕರೆಯುತ್ತವೆ.
ಇಳಿದಾಗ ಮಲಗಿ ದಾರಿ ಮುಚ್ಚುತ್ತವೆ.
ಬಾ. ಹೋಗಬೇಡ. ಬಾ. ಹೋಗಬೇಡ.
ನಿಮಿಷಕ್ಕೆ ಐದು ಸಾವಿರ ಸಲ.
ನಾನಂತೂ ಎರಡನೆಯ ಮಾತನ್ನು
ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ.

ಆಕಾಶಕ್ಕೆ ಹಿಡಿದು ನೋಡಿದೆ.
ಒಂದು ಎಸಳು ಬೆನ್ನು ಬಾಗಿಸಿತ್ತು, ಸಂದಿಯಲ್ಲಿ ಬೆಳಕಿನ ಗೆರೆ.
ಇನ್ನೊಂದಕ್ಕೆ ಮೂಲೆಯೇ ಇಲ್ಲ, ಅಕ್ಕಿಕಾಳಿನಷ್ಟು.
ಗ್ರೀಸು ಮೆತ್ತಿದ ಕಡ್ಡಿಯಿಂದ ಕ್ರ್ಯಾಂಕಿನ ಕತ್ತಲೆ ತಡಕಿದೆ.
ಬರೀ ಮಸಿ.
"ಹೊಗೆಯ ಜೊತೆ ಹೋಗಿದ್ದರೆ ಹೋಯಿತು,
ಒಳಗೇ ಇದ್ದರೆ ತಾನೇ ಹೇಳತ್ತೆ" ಅಂದೆ.

ಹೊಸ ಎಸಳು ಹೊನಿಯಾರಾದಿಂದ ಬರಬೇಕು.
ಹಡಗು ಬಂದರೆ ಬುಧವಾರ, ಬಾರದಿದ್ದರೆ ಇನ್ನೊಂದು ಬುಧವಾರ.
"ಅಷ್ಟು ದಿನ ಇಲ್ಲ. ಮರ ಕಡಿಯುವ ಕ್ಯಾಂಪಿನಲ್ಲಿ ಒಬ್ಬನಿಗೆ ಜ್ವರ,
ಹೆಸರು ಹಿಡಿದು ಕರೆದರೂ ಓಗೊಡುತ್ತಿಲ್ಲವಂತೆ."
ಯಾವ ಹೆಸರು ಅಂತ ನಾನು ಕೇಳಲಿಲ್ಲ.

ಕಿಟಕಿಯ ಗಾಜಿನ ಮೇಲೆ ನುಣುಪು ಉಜ್ಜುಕಾಗದ, ಸೀಮೆಎಣ್ಣೆ.
ತುಂಡನ್ನು ಬೋರಲಿಟ್ಟು ಎಂಟು ಬರೆದಂತೆ ಉಜ್ಜಿದೆ,
ಗುಳಿಗಳು ಮಾಯುವ ತನಕ.
ಆಮೇಲೆ ದೀವಿಹಲಸಿನ ಮರದ ಬುಡಕ್ಕೆ ಹೋದೆ.

ಅಲ್ಲಿ ಎಝೆಕಿಯ ಎಂಜಿನ್ನಿದೆ.
"ಸಾಲಕ್ಕೆ ಇಟ್ಟುಕೋ" ಅಂತ ಬಿಟ್ಟುಹೋಗಿ ಏಳು ವರ್ಷ.
ಅದರ ಕವಚದೊಳಗೆ ಕೋಳಿ ಮೊಟ್ಟೆಯಿಡುತ್ತದೆ.
ಎಷ್ಟು ಜನ ಕೇಳಿದರೂ ಒಂದು ತಿರುಪನ್ನೂ ಮಾರಿಲ್ಲ,
ತುಕ್ಕು ಹಿಡಿದಿದೆ ಅಂದಿದ್ದೇನೆ.

ಬಿಚ್ಚಿದರೆ ತುಕ್ಕಿಲ್ಲ.
ಹಳೇ ಎಣ್ಣೆಯಲ್ಲಿ ಅದ್ದಿ ಎತ್ತಿಟ್ಟ ಹಾಗೆ ಎಸಳುಗಳು,
ಒಂದಕ್ಕೊಂದು ಅಂಟಿ, ಮಿಂಚುತ್ತ.
ಮೆಶಾಕ ಅವನ್ನು ನೋಡಿದ, ನನ್ನನ್ನು ನೋಡಿದ.
"ಅವನೇ, ನೇಲಾ."

ಎರಡನ್ನು ಆರಿಸಿದೆ.
ಬಾಗಿಸಿದರೆ ಬಾಗಿ, ಬಿಟ್ಟರೆ ತನ್ನ ಜಾಗಕ್ಕೇ ಮರಳುವ ಉಕ್ಕು.
ತಿರುಪಿಗೆ ಅಂಟು ಹಚ್ಚಿ ಬಿಗಿದೆ.
ಕೈ ನಡುಗಿದ್ದು ನಿಜ,
ಹಸಿವಿತ್ತು, ಮಧ್ಯಾಹ್ನ ಉಂಡಿರಲಿಲ್ಲ.
ತುಟಿ ಹಚ್ಚಿ ಊದಿದೆ, ಉಸಿರು ಹೋಯಿತು.
ಒಳಗೆಳೆದೆ, ಎಸಳು ಮುಚ್ಚಿ ಬಾಯಿಗೆ ಬಿಗಿಯಾಗಿ ಕಚ್ಚಿತು.
ನಾಲಿಗೆಯ ಮೇಲೆ ಏಳು ವರ್ಷದ ಹಿಂದಿನ ಪೆಟ್ರೋಲು.

ಮತ್ತೆ ಆಕಾಶಕ್ಕೆ ಹಿಡಿದರೆ
ನೋಡಲು ಆಕಾಶವೇ ಉಳಿದಿರಲಿಲ್ಲ.
ಚರ್ಚಿನ ಮುಂದೆ ಖಾಲಿ ಗ್ಯಾಸ್ ಸಿಲಿಂಡರಿಗೆ ಕಬ್ಬಿಣದಲ್ಲಿ ಬಡಿದರು.
ಬೇಲಿಯಾಚೆ ಪಾಸ್ಟರ ಹೆಂಡತಿ ನಿಂತಿದ್ದಳು.
ಬೈಯಲು ಬಂದಳು ಅಂದುಕೊಂಡೆ.
ಒಳಗೆ ಬಂದು, ತುಂಡಿನ ಹಿಂದೆ ಟಾರ್ಚು ಹಿಡಿದಳು.
"ಬೆಳಕು ಹಿಡಿಯುವುದು ಕೆಲಸವಲ್ಲ."
ಒಂದು ಗೆರೆಯೂ ನುಸುಳಲಿಲ್ಲ.

ನಾಲ್ಕನೆಯ ಎಳೆತಕ್ಕೆ ಹತ್ತಿತು. ನೀಲಿ ಹೊಗೆ.
ನಿಂತಲ್ಲೇ ಗುರುಗುಟ್ಟಿತು, ಉಗುಳಲಿಲ್ಲ.
"ಪೂರ್ತಿ ಕೊಡಬೇಡ, ಆ ಚೂರು ಸಿಕ್ಕಿಲ್ಲ" ಅಂದೆ.
"ಅವನಿಗೇನಾದರೂ ಹೇಳಬೇಕಾ?"
"ಅವನ ಎಂಜಿನ್ನಿನಲ್ಲಿ ಎರಡು ಎಸಳು ಕಡಿಮೆ ಅಂತ ಹೇಳು.
ಕಿವಿ ಕೇಳಿಸಿದರೆ."

ದೋಣಿ ಹವಳದ ದಿಬ್ಬ ದಾಟುವ ತನಕ ಸದ್ದು ಒಂದೇ ಸಮ ಇತ್ತು.
ಮೂರು ಸಲ ಕೈ ತೊಳೆದೆ.
ಅಂಗಳದಲ್ಲಿ ಕೋಳಿ ಮಾತ್ರ
ತನ್ನ ಗೂಡಿನ ಮುಚ್ಚಳ ಯಾರು ತೆಗೆದರೆಂದು
ದೇವರ ದಿನವೆಂದೂ ನೋಡದೆ ಬೈಯುತ್ತಿತ್ತು.