ಮಂಗಳವಾರದ ಪಟ್ಟಿ

ಮಂಗಳವಾರ, ಶುಕ್ರವಾರ ನಾನು ಫಿನ್ಲೆಯ ಪಾದ ತೊಳೆಯುತ್ತೇನೆ.
ಸಕ್ಕರೆ ಕಾಯಿಲೆಯ ಹುಣ್ಣು, ಹಿಮ್ಮಡಿಯ ಪಕ್ಕ,
ಹಳೆಯ ಪೆನ್ನಿ ನಾಣ್ಯದಷ್ಟು ಅಗಲ.
ಪೊಟ್ಟಣ ಹರಿದು ಬಿಳಿ ಚೌಕ ತೆಗೆದಾಗ
"ಏನು ಮಗಳೇ ಇದು, ಕುರಿ ಉಣ್ಣೆಯೆ?" ಅಂದ.
"ಅಲ್ಲ, ಕಡಲಪಾಚಿ. ಕಂದು ಪಾಚಿಯ ದಂಟಿನ ನೂಲು."

ಒಲೆಯಲ್ಲಿ ಜವುಗುಮಣ್ಣಿನ ಹೆಂಟೆ ಕುಸಿಯಿತು.
ಆಮೇಲೆ ನಕ್ಕ, ಹಲ್ಲಿಲ್ಲದ ಬಾಯಿ ತುಂಬ.

ಹದಿನಾರು ಚಳಿಗಾಲ ಅದನ್ನೇ ಹೊತ್ತವನಂತೆ,
ಯೂಯಿಸ್ಟ್ ದ್ವೀಪದ ಪಡುವಣ ದಡದಲ್ಲಿ.
ರಾತ್ರಿಯಿಡೀ ಬಿರುಗಾಳಿ ಬುಡಸಮೇತ ಕಿತ್ತು
ಬೆಳಗಿಗೆ ರಾಶಿ ಹಾಕಿದ ದಂಟುಗಳು,
ಬೆತ್ತಕ್ಕಿಂತ ದಪ್ಪ, ಹಾವಿಗಿಂತ ಜಾರು.
ಸೆಟೆದ ಬೆರಳು ಯಾವುದು, ದಂಟು ಯಾವುದು ತಿಳಿಯದೆ
ಕಲ್ಲುಗೋಡೆಯ ಮೇಲೆ ಒಣಹಾಕಿ
ವಸಂತದ ಲಾರಿಗೆ ಕಾಯುವುದು.
ಹಸಿ ಐದು ಟನ್ನು, ಒಣಗಿದರೆ ಒಂದು.
"ಗಾಳಿಗೆ ನಾಲ್ಕು, ನನಗೊಂದು."
ಕಾರ್ಖಾನೆಯಲ್ಲಿ ಏನು ಮಾಡುತ್ತಾರೋ!
ಐಸ್‌ಕ್ರೀಮಿಗೆ ಅಂದ ಒಬ್ಬ,
ಬಿಯರಿನ ನೊರೆಗೆ ಅಂದ ಇನ್ನೊಬ್ಬ.
"ನಮ್ಮ ಬೆನ್ನು ಮುರಿಯಲಿಕ್ಕೆ"
ಅಂದಿದ್ದಳಂತೆ ಹೆಂಡತಿ ಈಫಿ.

ಗ್ಲಾಸ್ಗೋದ ತರಗತಿಯಲ್ಲಿ ನಾನು ಕಲಿತದ್ದು ಇಷ್ಟು:
ನೂಲಿನೊಳಗೆ ಸುಣ್ಣದ ಕಣ ಬಿಗಿದು ಕೂತಿದೆ,
ಗಾಯದ ರಸದಲ್ಲಿ ಉಪ್ಪಿದೆ.
ಉಪ್ಪು ಬಂದರೆ ಸುಣ್ಣ ಎದ್ದು ಜಾಗ ಬಿಡುತ್ತದೆ,
ನೂಲು ಮೆತ್ತಗಾಗಿ ಲೋಳೆಯಾಗುತ್ತದೆ,
ಬಿಚ್ಚುವಾಗ ಹೊಸ ಚರ್ಮ ಕಿತ್ತುಬರುವುದಿಲ್ಲ.
ಕಂದು ಪಾಚಿಯಲ್ಲಿ ಇನ್ನೂ ಏನೇನೋ ಇದೆಯೆಂದು
ಶೀಷೆ ಕುಲುಕುವವರಿದ್ದಾರೆ:
ಊತಕ್ಕೆ, ಗಡ್ಡೆಗೆ, ಹೆಪ್ಪುಗಟ್ಟುವ ನೆತ್ತರಿಗೆ.
ಇಲಿಯಲ್ಲಿ ಆಯಿತು, ಮನುಷ್ಯರಲ್ಲಿ ಇನ್ನೂ ಗೊತ್ತಿಲ್ಲ.
ಫಿನ್ಲೆಗೆ ಅದನ್ನೂ ಹೇಳಿದೆ. ಆಸೆಯನ್ನು
ನಾನೂ ಒಣಗಿಸಿಯೇ ತೂಗುವವಳು.

ಸುತ್ತುವ ಮೊದಲು ಒಂದು ಚೂರು ಕೇಳಿದ.
ಮೂಗಿಗೆ ಹಿಡಿದು ಬಹಳ ಹೊತ್ತು ಎಳೆದ.
"ಏನೂ ಇಲ್ಲ," ಅಂದ. "ತೊಳೆದುಬಿಟ್ಟಿದ್ದಾರೆ."
ನಾಲಿಗೆಗೆ ಇಡುವಷ್ಟರಲ್ಲಿ ಕಸಿದುಕೊಂಡೆ.

ಶುಕ್ರವಾರ ಬಿಚ್ಚಿದಾಗ
ಬಿಳಿ ಹೋಗಿ ಕಂದು, ಒಣ ಹೋಗಿ ಜಾರು;
ಅಲೆ ಆಗತಾನೆ ಎಸೆದುಹೋದ ಹಾಗೆ.
ಹುಣ್ಣು ಕೂದಲೆಳೆಯಷ್ಟು ಕಿರಿದಾಗಿತ್ತು,
ಅಥವಾ ನನಗೆ ಹಾಗೆ ಕಂಡಿತು.
ಫಿನ್ಲೆ ಕನ್ನಡಕ ಸರಿಮಾಡಿ ಬಗ್ಗಿದ.
"ಹಾಂ, ಈಗ ಗುರುತು ಸಿಕ್ಕಿತು."
ಸ್ವಲ್ಪ ತಡೆದು,
"ಟನ್ನಿಗೆ ಎಷ್ಟು ಕೊಡುತ್ತಾರಂತೆ ಈಗ?"