ಕೂದಲೆಳೆಯಷ್ಟು

ಮಾಚೇನಹಳ್ಳಿಯ ಷೆಡ್ಡಿನಲ್ಲಿ ಲೇತು ನಿಲ್ಲಿಸಿದರೆ
ಮೊದಲು ಕೇಳುವುದು ಸ್ವಂತ ಉಸಿರು,
ಆಮೇಲೆ ಹೆದ್ದಾರಿ.

ಐಟಿಐ, ಟರ್ನರ್, ತೊಂಬತ್ತೊಂದನೆಯ ಇಸವಿ.
ಇಪ್ಪತ್ತೊಂದು ಹುಡುಗರು, ನಾನೊಬ್ಬಳು.
ಲಂಗ ಚಕ್‌ಗೆ ಸಿಕ್ಕೀತೆಂದು
ಅಣ್ಣನ ಹಳೇ ಪ್ಯಾಂಟು ಮಡಚಿ ಹಾಕಿಕೊಂಡು ಹೋದವಳು.
ತಿಪ್ಪೇರುದ್ರಪ್ಪ ಮೇಷ್ಟ್ರು ಹೇಳುತ್ತಿದ್ದರು:
'ಷಾಫ್ಟು ತೂತಿಗೆ ಸರಿಯಾಗಿ ಕೂರಬೇಕು, ಹೌದು.
ಆದರೆ ಎಣ್ಣೆ ಓಡಾಡೋಕೆ ಕೂದಲೆಳೆಯಷ್ಟು ಜಾಗ ಬಿಡು, ತಾಯಿ.
ಬಿಡದಿದ್ದರೆ ಬಿಸಿಗೆ ಹಿಡ್ಕೊಳ್ಳುತ್ತೆ.'
ನಾಲ್ಕು ಅಂಕದ ಪ್ರಶ್ನೆ.
ನಾಲ್ಕೂ ಬಂತು.

ಹತ್ತೊಂಬತ್ತಕ್ಕೆ ಕೆಲಸ. ಮೊದಲ ಸಂಬಳದಲ್ಲಿ
ಅವ್ವನಿಗೆ ಕುಕ್ಕರು, ನನಗೊಂದು ವರ್ನಿಯರು.
ಪಕ್ಕದ ಮನೆಯ ಜಬೀನಾ ಆಗ
ಬಿ.ಎ. ಎರಡನೇ ವರ್ಷ, ಇತಿಹಾಸ, ಐಚ್ಛಿಕ ಕನ್ನಡ,
ಬಸ್ ಪಾಸಿಗೂ ನನ್ನ ಹತ್ತಿರ ಸಾಲ.

ಡಿಗ್ರಿ ಮುಗಿಸಿ ಎಲ್ಲಿಗೂ ಹೊಂದಲಿಲ್ಲ ಅವಳು.
ಎಸ್‌ಟಿಡಿ ಬೂತು, ಸೀರೆ ಅಂಗಡಿಯ ಬಿಲ್ಲು,
ಗಾಡಿಕೊಪ್ಪದ ಶಾಲೆಯಲ್ಲಿ ಯಾರದೋ ಬಾಣಂತನದ ಮೂರು ತಿಂಗಳು,
ಜನಗಣತಿ, ಗ್ಯಾಸ್ ಏಜೆನ್ಸಿ.
ದೊಡ್ಡ ತೂತಿನೊಳಗೆ ಸಣ್ಣ ಬೋಲ್ಟು,
ಮೂವತ್ತೈದರವರೆಗೂ ಗಡಗಡ ಅನ್ನುತ್ತಲೇ ಇತ್ತು.
ನಾನು ನಗುತ್ತಿದ್ದೆ, ಸುಳ್ಳೇಕೆ ಹೇಳಲಿ.
ಭದ್ರಾವತಿಯಿಂದಲೂ ಬರುತ್ತಿದ್ದರು ಕೆಲಸ ಹಿಡಿದು:
'ಮಿಲ್ಲಿಯ ನೂರರಲ್ಲೊಂದು ಪಾಲನ್ನ
ಶಿವಗಂಗಮ್ಮ ಉಗುರಲ್ಲಿ ಮುಟ್ಟಿ ಹೇಳ್ತಾಳೆ.'

ನಲವತ್ತಾರಕ್ಕೆ ಸಿಎನ್‌ಸಿ ಬಂತು.
ಗಾಜಿನ ಬಾಗಿಲು, ಒಳಗೆ ಹಾಲಿನಂಥ ಕೂಲೆಂಟು,
ಮುಟ್ಟುವುದಕ್ಕೆ ಏನೂ ಇಲ್ಲ.
'ಸದ್ದು ಬದಲಾಗಿದೆ, ಟೂಲು ಸವೆದಿದೆ' ಅಂದೆ.
'ಸ್ಕ್ರೀನಲ್ಲಿ ಬಂದಿಲ್ಲ ಅಕ್ಕಾ' ಅಂದ ಡಿಪ್ಲೊಮಾ ಹುಡುಗ.
ಹನ್ನೊಂದನೇ ನಿಮಿಷಕ್ಕೆ ಮುರಿಯಿತು.
ಆದರೂ ನನ್ನನ್ನು ಹಾಕಿದ್ದು ಸ್ಟೋರಿಗೆ,
ಕೈಗವಸು ಎಣಿಸಿ ಕೊಡುವುದಕ್ಕೆ.

ಅಷ್ಟರಲ್ಲಿ ಜಬೀನಾ ನಿದಿಗೆಯಲ್ಲಿ ಗ್ರಾಮ ಒನ್ ಕೌಂಟರು.
ಪಹಣಿ, ಪಿಂಚಣಿ, ಹೊಸ ಹೊಸ ಅರ್ಜಿ,
ಗೊತ್ತಿಲ್ಲದ್ದು ಬಂದರೆ ಹೆದರುವುದಿಲ್ಲ ಅವಳು,
ಕುರ್ಚಿ ಎಳೆದು ಕೂತು ಓದುತ್ತಾಳೆ.
ನಾಲ್ಕು ಭಾನುವಾರ ನನ್ನ ಮಿಷನ್ನಿನ ಪುಸ್ತಕವನ್ನೂ
ಡಿಕ್ಷನರಿ ಹಿಡಿದು ಓದಿ ಹೇಳಿದಳು.
ಅವಳಿಗೆ ಅಕ್ಷರ ಗೊತ್ತು, ಕಬ್ಬಿಣ ಗೊತ್ತಿಲ್ಲ.
'ಇದೇನೇ ಇದು, ಫೀಡ್ ಅಂದ್ರೆ ತಿನ್ನಿಸೋದಾ?'
'ಒಂಥರಾ ಹೌದು' ಅಂದೆ.
ಐದನೇ ಭಾನುವಾರ ಗುಂಡಿ ಒತ್ತಿದ್ದು ನಾನು.

ಇದರಿಂದ ಅವಳು ಗೆದ್ದಳು ಅಂತೇನಲ್ಲ.
ನನಗೆ ಪಿಎಫ್ ಇದೆ, ಮನೆಗೆ ತಾರಸಿ ಇದೆ.
ಅವಳಿಗೆ ಇವತ್ತಿಗೂ ಬಾಡಿಗೆ,
ಕಮಿಷನ್ನು ಬಂದ ತಿಂಗಳು ಮಾತ್ರ ಮೀನು.

ನಿನ್ನೆ ಮಗಳನ್ನು ಕರಕೊಂಡು ಅದೇ ಕೌಂಟರಿಗೆ ಹೋದೆ.
ಎಸ್ಸೆಸ್ಸೆಲ್ಸಿ ಮುಗಿದಿದೆ.
ಪಿಯುಸಿಯೋ ಐಟಿಐಯೋ, ಯಾವ ಅರ್ಜಿ ಅಂತ ಇಬ್ಬರೂ ನನ್ನನ್ನೇ ನೋಡಿದರು.
ಚೀಲದಿಂದ ವರ್ನಿಯರು ತೆಗೆದು
ಸುಮ್ಮನೆ ಅವಳ ಹೆಬ್ಬೆರಳು ಅಳೆದೆ.
ಹತ್ತೊಂಬತ್ತು ಪಾಯಿಂಟ್ ಎರಡು.
'ಇನ್ನೂ ಬೆಳೀತಿದೆ' ಅಂದೆ.

'ತಮಾಷೆ ಸಾಕು ಕಣೇ,' ಅಂದಳು ಜಬೀನಾ,
'ನಾಳೆ ಕೊನೇ ದಿನ. ಸರ್ವರ್ ಬೇರೆ ಡೌನು.'