ಬಿಲ್ಲೆ

ಹಟ್ಟಿಯ ಗಣಿಯಲ್ಲಿ ನನ್ನ ಕೆಲಸ
ಶಾಫ್ಟಿನ ಬಾಯಿಗೆ ನಿಂತು ಎಣಿಸುವುದು.
ಇಳಿಯುವವನು ಹಿತ್ತಾಳೆ ಬಿಲ್ಲೆ ಕೊಟ್ಟು ಇಳಿಯುತ್ತಾನೆ,
ಏರಿ ಬಂದವನು ಇಸಕೊಂಡು ಮನೆಗೆ ಹೋಗುತ್ತಾನೆ.
ಮೊಳೆಗೆ ಒಂದೇ ಒಂದು ಬಿಲ್ಲೆ ಉಳಿದಿದ್ದರೂ
ಪಾಳಿ ಮುಗಿಯುವುದಿಲ್ಲ.
ಚಹಾ ಆರುತ್ತದೆ, ನಾನು ಕದಲುವುದಿಲ್ಲ.

ಇದನ್ನು ಕಲಿಸಿದವನು ಯಂಕೋಬಣ್ಣ.
ಮೂವತ್ನಾಲ್ಕು ವರ್ಷ ಅದೇ ಮೊಳೆಗಳ ಮುಂದೆ ನಿಂತು
ಮೊನ್ನೆ ರಿಟೈರಾದ.

ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಮುಗಿದ ಮೇಲೆ
ಅವನ ಮನೆಯ ಮಾಳಿಗೆ ಮೇಲೆ ನಾವು ಏಳು ಮಂದಿ.
ವೈಶಾಖದ ರಾತ್ರಿ; ಒಂಬತ್ತಾದರೂ ಮಾಳಿಗೆ
ಅಂಗಾಲಿಗೆ ರೊಟ್ಟಿ ಹಂಚು.
ಚಾಪೆ, ಐಸಿನ ಬಕೀಟು,
ದುರುಗಮ್ಮಕ್ಕ ಕಳಿಸಿದ ಬೋಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ.
ದೂರದಲ್ಲಿ ಗಣಿಯ ನೆತ್ತಿಯ ಕೆಂಪು ದೀಪ.

ಮೊದಲು ಊಟ, ಅಂದೆ. ನಕ್ಕರು.
ಸ್ಟೀಲಿನ ತಾಟು ಹಿಡಿದು ತಿರುಗಿದೆ:
ಚಾವಿ ಹಾಕ್ರಿ, ಗಾಡಿ ಚಾವಿ.
ಭಿಕ್ಷಕ್ಕ ಬಂದಾನ ನೋಡ್ರಿ ಅಂತ ಅಮರೇಗೌಡ
ಚಾವಿಯ ಜತೆ ಒಂದು ರೂಪಾಯಿ ಹಾಕಿದ.

ಕುಡಿಯುವುದೂ ಇಳಿಯುವುದೇ.
ಒಂದನೇ ಲೆವೆಲ್ಲಿಗೆ ಜಂಬಣ್ಣನ ನಗು ಸಡಿಲ,
ಎರಡಕ್ಕೆ ಆದೆಪ್ಪ ತೀರಿಹೋದ ಎಮ್ಮೆಯನ್ನು ನೆನೆಯುತ್ತಾನೆ,
ಮೂರಕ್ಕೆ ಮೌನೇಶ ಇಡೀ ಕಂಪನಿಯ ಯಜಮಾನ.
ಅದರ ಕೆಳಗೆ ಗಾಳಿ ಕಡಿಮೆ.
ಅಲ್ಲಿಗೆ ಮುಟ್ಟುವ ಮೊದಲೇ
ಯಾರಾದರೂ ಒಂದು ಗಂಟೆ ಹೊಡೆಯಬೇಕು,
ಕೇಜು ನಿಲ್ಲಬೇಕು.

ಶಾಲಂ ಸೋಡಾಕ್ಕೆ ಲಿಂಬಿ ಹಿಂಡಿಕೊಂಡು ಕೂತಿದ್ದ.
"ಒಂದ ಹನಿ, ಯಂಕೋಬಣ್ಣನ ಸಲುವಾಗಿ, ನನ್ನ ಮ್ಯಾಲೆ ಆಣಿ"
ಮೌನೇಶ ಬಾಟ್ಲಿ ಬಗ್ಗಿಸಿದ.
ಶಾಲಂ ಗ್ಲಾಸಿನ ಮೇಲೆ ಅಂಗೈ ಮುಚ್ಚಿದ.
ಯಾಕೆ ಅಂತ ಉಳಿದವರು ಕೇಳಲಿಲ್ಲ.
ಅಪ್ಪನ ಕಾರಣವೋ, ಗುಳಿಗೆಯ ಕಾರಣವೋ, ಬರೇ ಮನಸ್ಸೋ,
ಬ್ಯಾಡ ಅನ್ನುವುದಕ್ಕೆ ರಶೀದಿ ತೋರಿಸಬೇಕಿಲ್ಲ.
ಬಾಟ್ಲಿ ಅವನ ಬೆರಳ ಮೇಲೆ ಎರಡು ಹನಿ ಚೆಲ್ಲಿ
ನಾಚಿ ನೆಟ್ಟಗಾಯಿತು.

ನಾನು? ಎರಡೇ. ನೀರೇ ಜಾಸ್ತಿ.
ಎರಡೇ ಅಂತ ಎಣಿಸಿಕೊಂಡೆ, ಎಣಿಸುವುದು ನನ್ನ ಕಸುಬು.
ನಡುವೆ ಯಾರೋ "ಇಷ್ಟ ಉಳದೈತಿ" ಅಂತ ಬಗ್ಗಿಸಿದ್ದು
ಲೆಕ್ಕಕ್ಕೆ ಬರಲಿಲ್ಲ.

ಹನ್ನೆರಡೂವರೆಗೆ ಎದ್ದು ತಾಟು ಎತ್ತಿ
ಮುಂಜಾನೆ ಬಂದು ಇಸಕೋರಿ, ಅಂದೆ,
ದೊಡ್ಡ ಸಾಹೇಬನ ಹಾಗೆ.
ಯಂಕೋಬಣ್ಣ, ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದವನು,
ಶಾಲು ಇನ್ನೂ ಹೆಗಲ ಮೇಲಿದ್ದವನು,
ತಾಟಿನ ಸಪ್ಪಳ ಕೇಳಿಯೇ ಹೇಳಿದ:
"ನಾಕ ಚಾವಿ, ಒಂದ ರೂಪಾಯಿ.
ಕೆಳಗ ಆರು ಗಾಡಿ. ಶಾಲಮಂದು ಬಿಡು.
ಇನ್ನೊಂದು?"

ಗಾಳಿ ಸುಳಿಯಲಿಲ್ಲ.
ಅದು ನನ್ನ ಹಿಂದಿನ ಜೇಬಿನಲ್ಲಿ ಚುಚ್ಚುತ್ತಿತ್ತು,
ಸಂಜೆಯಿಂದ ಚುಚ್ಚುತ್ತಿತ್ತು.
"ನಾ ಸರಿ ಅದೀನಣ್ಣ."
"ಸರಿ ಅದೀನಿ ಅಂದವರ ಬಿಲ್ಲೆ
ಎಷ್ಟ ಹೊತ್ತು ಮೊಳಿಗೆ ತೂಗ್ಯಾಡತಾವ
ನಾ ನೋಡೀನಿ."
ಚಾಚಿದ ಕೈ ನಡುಗುತ್ತಿತ್ತು, ಅವನೂ ಕುಡಿದಿದ್ದ.
ಆದರೂ ಕೈ ಹಿಂದೆ ಹೋಗಲಿಲ್ಲ.
ಹಾಕಿದೆ.

ಶಾಲಂ ಫೋನು ಹಚ್ಚಿ ಮಾವನ ಟಂಟಂ ಕರೆಸಿದ.
ಬನಿಯನ್ನಿನಲ್ಲೇ ಬೈಯುತ್ತ ಬಂದ ಮಾವ.
ಮುಂದೆ ಶಾಲಮನ ಗಾಡಿ, ಹಿಂದೆ ನಾವು ಐವರು,
ತಗ್ಗು ಬಂದಾಗ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತ.
ಒಬ್ಬೊಬ್ಬನ ಮನೆಯೊಳಗೂ ದೀಪ ಹತ್ತುವ ತನಕ
ಟಂಟಂ ಬಿಡಗೊಡಲಿಲ್ಲ ನಾನು.
ಡೀಸೆಲ್ಲು ನಿಮ್ಮಪ್ಪ ಹಾಕ್ತಾನೇನು, ಅಂದ ಮಾವ.

ಮುಂಜಾನೆ ತಲೆಯಲ್ಲೊಂದು ಸಣ್ಣ ಕ್ರಷರು.
ನಡೆದೇ ಹೋದೆ.
ಯಂಕೋಬಣ್ಣನ ಗೋಡೆಗುಂಟ ಐದು ಗಾಡಿ,
ಸೀಟಿನ ಮೇಲೆ ಧೂಳು, ಒಂದರ ಮೇಲೆ ಬೆಕ್ಕು.
ಇನ್ನು ಪಾಳಿಯಿಲ್ಲದ ಮನುಷ್ಯ
ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದಿದ್ದ,
ಹೊಸವು, ಐದು.
ನನ್ನದನ್ನು ಬಿಚ್ಚಿ ಕೊಡುವ ಮೊದಲು
ಹತ್ತಿರ ಬಂದು ಬಾಯಿ ಮೂಸಿದ.
"ಚಾ ಕುಡಿ" ಅಂದ. "ಗಡಿಬಿಡಿ ಏನೈತಿ."